ಇಗರ್ಜಿಯ ಪತ್ರಿಕೆಗೆ ಮೊಳೆ ಜೋಡಿಸಿದವರು

ಮೊನ್ನೆ ಹೊಲಿಗೆ ಮೆಷಿನಿನ ತುಕ್ಕು ಒರೆಸಲು ಚಿಮಿಣಿ ಎಣ್ಣೆಯ ಬಟ್ಟೆ ಕೈಗೆತ್ತಿಕೊಂಡೆ. ಆ ವಾಸನೆಗೆ ಪೊರ್ಬುಗಳು ನೆನಪಾದರು... ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಹಾಗೆಯೇ ಕರೆಯುವುದು. ಅವರೊಬ್ಬರೇ ನಮ್ಮೂರ ಇಗರ್ಜಿಯ, ಅಂದರೆ ಚರ್ಚಿನ, ವಾರಪತ್ರಿಕೆಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಅಚ್ಚಾದ ಮೇಲೆ ಮೊಳೆಗಳನ್ನು ಚಿಮಿಣಿ ಎಣ್ಣೆಯಲ್ಲಿ ತೊಳೆದೂ ತೊಳೆದೂ ಅವರ ಅಂಗಿಗೂ ಅದೇ ವಾಸನೆ ಹತ್ತಿತ್ತು.

ಪತ್ರಿಕೆಯನ್ನು ಮೂವತ್ತರ ದಶಕದಲ್ಲಿ ಶುರು ಮಾಡಿದ್ದು ಹಿಂದಿನ ಪಾದ್ರಿಗಳು. ಮನೆಮಾತು ಕೊಂಕಣಿಯಾದರೂ ಜನ ಓದಲು ಕಲಿತದ್ದು ಕನ್ನಡ ಎಂದು ಕನ್ನಡದಲ್ಲೇ ತಂದರು. ಪೂಜೆಯ ಹೊತ್ತು, ಜನನ, ಮದುವೆ, ಮರಣ, ಅಡಿಕೆಯ ಧಾರಣೆ ಎಲ್ಲ ನಾಲ್ಕೇ ಪುಟಗಳಲ್ಲಿ. ಮೊದಲ ಸಂಚಿಕೆಯಿಂದಲೂ ಕೈ ಪೊರ್ಬುಗಳದ್ದೇ. ಹೆಂಡತಿ ತೀರಿಕೊಂಡಿದ್ದರು. ಇಗರ್ಜಿಯ ಜಾಗದಲ್ಲೇ ಮನೆ, ಇಗರ್ಜಿಯ ಶಾಲೆಯಲ್ಲೇ ಕಿರಿಯ ಮಕ್ಕಳಿಬ್ಬರ ಓದು. ನಾನು ಅವರ ಮತದವಳಲ್ಲ. ಐವತ್ತರ ದಶಕದಲ್ಲಿ ಮುಳ್ಳೇರಿಯದಲ್ಲಿ ಟೀಚರಾಗಿದ್ದೆ, ಶನಿವಾರ ಊರಿಗೆ ಬಂದಾಗ ಪ್ರೂಫ್ ತಿದ್ದಿಕೊಡುತ್ತಿದ್ದೆ.

ಒಂದು ವರ್ಷ ಅವರ ಹಿರಿಯ ಮಗಳು ತುಳು ಮನೆಯ ಹಿಂದೂ ಹುಡುಗನೊಬ್ಬನನ್ನು ರಿಜಿಸ್ಟರ್ ಮದುವೆಯಾಗಿ ಮುಳ್ಳೇರಿಯಕ್ಕೆ ಹೋದಳು. ಆ ವಾರದ ಪ್ರೂಫಿನಲ್ಲಿ ಒಂದು ಪ್ರಕಟಣೆ ಇತ್ತು. ಅವಳು ಕ್ರೈಸ್ತ ಸಭೆಯಿಂದ ಹೊರಗೆ, ಅವಳನ್ನು ಮನೆಗೆ ಸೇರಿಸಿದವರೂ ಹೊರಗೆ. ಅವಳ ಹೆಸರು ಇರಬೇಕಾದಲ್ಲಿ ಮಾತ್ರ ಖಾಲಿ.

"ಹೆಸರು ಎಲ್ಲಿ?" ಎಂದರು ಆಗಿನ ಪಾದ್ರಿಗಳು.

"ಅದೊಂದು ನನ್ನ ಕೈಯಲ್ಲಿ ಆಗುವುದಿಲ್ಲ ಫಾದರ್. ಬೇರೆ ಯಾರಾದರೂ ಜೋಡಿಸಲಿ."

"ಬೇರೆ ಯಾರುಂಟು ಇಲ್ಲಿ? ಸಣ್ಣ ಮಕ್ಕಳಿಬ್ಬರನ್ನು ಕರಕೊಂಡು ನೀವಾದರೂ ಎಲ್ಲಿಗೆ ಹೋಗ್ತೀರಿ?" ಪಾದ್ರಿಗಳು ದನಿ ಏರಿಸಲಿಲ್ಲ.

ಪೊರ್ಬುಗಳು ನನ್ನತ್ತ ನೋಡಿದರು. ನಾನು ಏನಾದರೂ ಹೇಳಬಹುದಿತ್ತು... ತಲೆ ತಗ್ಗಿಸಿದೆ. ಅವರು ಒಂದೊಂದೇ ಮೊಳೆ ಹೆಕ್ಕಿ ಮಗಳ ಹೆಸರು ಜೋಡಿಸಿದರು. ಭಾನುವಾರ ಅದು ಎಲ್ಲ ಮನೆಗಳಿಗೂ ಹೋಯಿತು.

ಆಮೇಲೆ ಪ್ರತಿ ಶನಿವಾರ, ಪಾದ್ರಿಗಳು ಆಚೆ ಹೋದ ಕೂಡಲೇ ಕೇಳುತ್ತಿದ್ದರು: "ಅವಳು ಕಾಣಲಿಕ್ಕೆ ಸಿಕ್ಕಿದಳಾ ಟೀಚರ್? ಎಂತ ಹೇಳಿದಳು?" ಮೊಮ್ಮಗ ಹುಟ್ಟಿದ ಸುದ್ದಿ ತಂದದ್ದೂ ನಾನೇ. ಆಗ ಅವರು ಜನನದ ಕಾಲಮಿಗೆ ಯಾರದೋ ಮಕ್ಕಳ ಹೆಸರು ಜೋಡಿಸುತ್ತಿದ್ದರು. "ಎಂತ ಹೆಸರಿಟ್ಟಿದ್ದಾರೆ?" ಎಂದರು. ಹೇಳಿದೆ. ತಮ್ಮಷ್ಟಕ್ಕೇ ಎರಡು ಸಲ ಹೇಳಿಕೊಂಡರು.

ಆ ಮಗುವನ್ನು ನೋಡದೆಯೇ, ಮರುವರ್ಷ ಜ್ವರ ಬಂದು ಪೊರ್ಬುಗಳು ತೀರಿಕೊಂಡರು. ಮಣ್ಣು ಮಾಡುವ ದಿನ ಮಗಳನ್ನು ಒಳಗೆ ಬಿಡಲಿಲ್ಲ. ಮಗುವನ್ನು ಎತ್ತಿಕೊಂಡು ಇಗರ್ಜಿಯ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದಳು. ಹತ್ತಿರ ಹೋದೆ.

"ಟೀಚರ್, ಪೇಪರಿನಲ್ಲಿ ನನ್ನ ಹೆಸರನ್ನು ಅಪ್ಪನೇ ಜೋಡಿಸಿದ್ದಾ?"

"ಇಲ್ಲ ಮಗಾ. ಮಂಗಳೂರಿನಿಂದ ಬೇರೆಯವರನ್ನು ಕರೆಸಿದ್ದರು," ಎಂದೆ.

ಪತ್ರಿಕೆ ನಿಂತು ಎಷ್ಟೋ ಕಾಲವಾಯಿತು. ಈಗ ಅವಳೂ ಇಲ್ಲ. ಅಂದು ಅವಳಿಗೆ ಸಮಾಧಾನವಾಗಲಿ ಎಂದು ಆಡಿದ ಸುಳ್ಳು ಅದು. ಅಪ್ಪ ಮೊದಲು ಆ ಜಾಗವನ್ನು ಖಾಲಿ ಬಿಟ್ಟಿದ್ದರು, ಆಗುವುದಿಲ್ಲವೆಂದು ಪಾದ್ರಿಗಳ ಮುಖಕ್ಕೇ ಹೇಳಿದ್ದರು... ಆ ಸುಳ್ಳು ಹೇಳಿದ ಮೇಲೆ ಇದನ್ನು ಅವಳಿಗೆ ಹೇಳುವ ದಾರಿಯೇ ನನಗೆ ಉಳಿಯಲಿಲ್ಲ.