ಚಿಕ್ಕಮ್ಮನ ಗಾಂಜಾ ಹನಿ, ನನ್ನ ಮಡಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಅಂದು ಶನಿವಾರವೋ ಭಾನುವಾರವೋ ನನಗೆ ಖಚಿತವಿಲ್ಲ. ಚಿಕ್ಕಮ್ಮ ಹಸಿರು ಕಾಟನ್ ಸೀರೆ ಉಟ್ಟಿದ್ದರು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಆದರೆ ಅವರು ಮನೆಯಲ್ಲಿ ಸೀರೆ ಉಡುವುದನ್ನು ಬಿಟ್ಟು ವರ್ಷಗಳಾದವು! ನನ್ನ ನೆನಪಿನ ಹಣೆಬರಹವೇ ಇಷ್ಟು. ಸಾಮಾನ್ಯವಾಗಿ ಇದರಿಂದ ಯಾರಿಗೂ ನಷ್ಟವಿಲ್ಲ. ಈ ಸಲ ಮಾತ್ರ ಒಂದು ವಿವರದ ಮೇಲೆ ನನ್ನ ಅಮೆರಿಕನ್ ಪೌರತ್ವ ನಿಂತಿದೆ.

"ಗಟ್ಟಿ ಕೈ ಇರೋರು ಯಾರಾದ್ರೂ ಬೇಕಿತ್ತು ಕಣೇ, ಬಾ" ಎಂದು ಚಿಕ್ಕಮ್ಮ ಫೋನ್ ಮಾಡಿದ್ದರು. ಉಪ್ಪಿನಕಾಯಿ ಇರಬೇಕು ಅಂದುಕೊಂಡು ಆಶ್‌ಬರ್ನ್‌ನಿಂದ ಪಕ್ಕದ ರಾಜ್ಯದ ಎಲಿಕಾಟ್ ಸಿಟಿಯವರೆಗೆ ಡ್ರೈವ್ ಮಾಡಿಕೊಂಡು ಹೋದೆ. ಬಾಗಿಲು ತೆರೆದಾಗ ಮೂಗಿಗೆ ಬಡಿದದ್ದು ಹೈವೇಯಲ್ಲಿ ಸ್ಕಂಕ್ ಎಂಬ ನಾರುವ ಪ್ರಾಣಿ ಸತ್ತಾಗ ಬರುವಂಥ ವಾಸನೆ. ಅದನ್ನು ಮುಚ್ಚಲು ಹಚ್ಚಿಟ್ಟ ಊದುಬತ್ತಿಗಳು ಸೋತು ಬೂದಿಯಾಗಿದ್ದವು.

"ಏನು ಚಿಕ್ಕಮ್ಮ ಇದು?"

"ಗಾಂಜಾ" ಎಂದರು, ಹುಣಸೆಹಣ್ಣು ಎನ್ನುವ ಧಾಟಿಯಲ್ಲಿ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿ, ಡಾಕ್ಟರ್ ಚಿಕ್ಕಪ್ಪನನ್ನು ಮದುವೆಯಾಗಿ ಇಲ್ಲಿಗೆ ಬಂದು, ರಿಟೈರ್ ಆಗುವ ತನಕ ಲ್ಯಾಬ್‌ನಲ್ಲಿ ಪಿಪೆಟ್ ಹಿಡಿದವರು. ಈಗ ಆ ಬೆರಳುಗಳಿಗೇ ಆರ್ಥ್ರೈಟಿಸ್. ನೋವಿಗೆ ನಿದ್ದೆ ಬರುವುದಿಲ್ಲ. ಮೇರಿಲ್ಯಾಂಡಿನಲ್ಲಿ ಈಗ ಮನೆಗೆ ಎರಡು ಗಾಂಜಾ ಗಿಡ ಬೆಳೆಸಿಕೊಳ್ಳಬಹುದು. ಇವರು ಒಂದು ಬೆಳೆಸಿದ್ದರು. ಚಳಿಗಾಲಕ್ಕೆಂದು ಒಳಗೆ ತಂದಿಟ್ಟ ಕರಿಬೇವಿನ ಕುಂಡಕ್ಕೂ ದೊಡ್ಡಪತ್ರೆ ಕುಂಡಕ್ಕೂ ನಡುವೆ ಅದರ ಖಾಲಿ ಕುಂಡ ಕೂತಿತ್ತು.

"ಅಂಗಡೀಲೇ ರೆಡಿಮೇಡ್ ಸಿಗುತ್ತಲ್ಲ?"

"ಸಾರಿನ ಪುಡೀನೂ ಅಂಗಡೀದೇ ತರ್ತೀಯೇನೇ ನೀನು?"

(ತರುತ್ತೇನೆ. ಹೇಳಲಿಲ್ಲ.)

ಹೂವನ್ನು ಒಣಗಿಸಿ, ಸಣ್ಣ ಶಾಖದಲ್ಲಿ ಓವನ್‌ನಲ್ಲಿಟ್ಟು, ಗಾಜಿನ ಜಾಡಿಯಲ್ಲಿ ಆಲ್ಕೋಹಾಲಿನ ಜೊತೆ ನೆನೆಹಾಕಿದ್ದರು. ಓವನ್ ಯಾಕೆ ಎಂದು ಕೇಳಿದೆ. "ಹುರೀದೆ ಇರೋ ಧನಿಯಾದಲ್ಲಿ ಹುಳಿಪುಡಿ ಆಗುತ್ತಾ? ಇದೂ ಹಾಗೇ. ಬಿಸಿ ತಾಗದಿದ್ರೆ ಬರೀ ಸೊಪ್ಪು." ಇನ್ನು ಉಳಿದದ್ದು ಸೋಸುವುದು. ಚಿಕ್ಕಪ್ಪನ ಹಳೇ ಪಂಚೆಯ ತುಂಡು ಸಿದ್ಧವಾಗಿತ್ತು. ಅದನ್ನು ಗಟ್ಟಿಯಾಗಿ ಹಿಂಡಲು ಕೈ ಬೇಕಿತ್ತು. ಆ ಕೈ ನನ್ನದು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಯಾಕೆಂದರೆ ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಹತ್ತಿರ ಬರುತ್ತಿದೆ. ಚಿಕ್ಕಮ್ಮನ ರಾಜ್ಯ ಹೂಂ ಎಂದರೂ ನನ್ನ ರಾಜ್ಯ ಹೂಂ ಎಂದರೂ, ಇಮಿಗ್ರೇಷನ್‌ನವರು ನೋಡುವುದು ಫೆಡರಲ್ ಕಾನೂನನ್ನು. ಅದು ಊಹೂಂ ಎನ್ನುತ್ತದೆ. ಪ್ರಮಾಣ ಮಾಡಿಸಿಯೇ ಕೇಳುತ್ತಾರಂತೆ. ಸೇದಿದ್ದೀರಾ? ಇಟ್ಟುಕೊಂಡಿದ್ದೀರಾ? ತಯಾರಿಸಲು ಕೈಜೋಡಿಸಿದ್ದೀರಾ? ನನ್ನ ಲಾಯರ್ ಒಂದೇ ಮಾತು ಹೇಳಿದ್ದರು: ಮುಟ್ಟಲೂಬೇಡಿ. (ಅವರಿಗೆ ಕನ್ನಡ ಬರುವುದಿಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ.)

"ಚಿಕ್ಕಮ್ಮ, ನಾನು ಅದನ್ನ ಮುಟ್ಟೋ ಹಾಗಿಲ್ಲ."

ಚಿಕ್ಕಮ್ಮ ಬಿದ್ದು ಬಿದ್ದು ನಕ್ಕರು. "ನಮ್ಮಮ್ಮನ ಮಡಿ ನಿನ್ನ ಮೈಮೇಲೆ ಬಂತಲ್ಲೇ! ಹೋಗು, ಕೌಂಟರ್ ಆಚೆ ನಿಂತ್ಕೋ. ನೋಡಿದ್ರೆ ಮೈಲಿಗೆ ಇಲ್ಲ ತಾನೇ?"

ಕಾಲೇಜಿನಲ್ಲಿದ್ದಾಗ ಅಜ್ಜಿಯ ಮಡಿಯ ವಿರುದ್ಧ ಅಜ್ಜಿಯ ಮುಂದೆಯೇ ಭಾಷಣ ಬಿಗಿದವಳು ನಾನು. (ಬಿಗಿದೆನೋ, ಬಿಗಿಯಬೇಕಿತ್ತು ಎಂದು ಆಮೇಲೆ ಅಂದುಕೊಂಡೆನೋ.) ಈಗ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸೆರಗು ತಾಗೀತೆಂದು ಹೆದರಿದ ಅಜ್ಜಿಯ ಹಾಗೇ ಮುದುಡಿ ನಿಂತಿದ್ದೆ. ಮಡಿಗೆ ಫೆಡರಲ್ ಸರ್ಕಾರದ ಬೆಂಬಲ ಸಿಗುತ್ತದೆಂದು ಪಾಪ, ಅಜ್ಜಿಗೆ ಗೊತ್ತಿರಲಿಲ್ಲ.

"ಅವಳ ಇಂಟರ್‌ವ್ಯೂ ಹಾಳು ಮಾಡ್ಬೇಡ ಕಣೇ" ಎಂದು ಹಾಲ್‌ನಿಂದ ಚಿಕ್ಕಪ್ಪ ಕೂಗಿದರು.

"ಹಾಗಾದ್ರೆ ನೀವೇ ಬಂದು ಹಿಂಡಿ."

"ಎವಿಡೆನ್ಸ್ ಇಲ್ಲದ ಔಷಧಿ ನಾನು ಮುಟ್ಟಲ್ಲ."

ಅಲ್ಲಿಗೆ ಮಡಿಯವರು ಇಬ್ಬರಾದೆವು.

ಚಿಕ್ಕಮ್ಮ ಒಬ್ಬರೇ ಹಿಂಡಿದರು. ಬಟ್ಟೆ ತಿರುಚಿದಂತೆಲ್ಲ ಗೆಣ್ಣುಗಳು ಬಿಳಿಚುತ್ತಿದ್ದವು. ತುಟಿ ಕಚ್ಚಿಕೊಂಡಿದ್ದರು. ಕಡುಹಸಿರು ಹನಿಗಳು ಗಾಜಿನ ಬಟ್ಟಲಿಗೆ ಬೀಳುತ್ತಿದ್ದವು. ಅವರ ಮೊಣಕೈ ತಾಗಿ ತಾಗಿ ಬಟ್ಟಲು ಕೌಂಟರಿನ ಅಂಚಿಗೆ ಜರುಗುತ್ತಿತ್ತು. ನನ್ನ ಅಂಚಿಗೆ. ಅದು ಜಾರಿತು. ಯಾರೋ "ಅಯ್ಯೋ" ಎಂದರು.

ಮುಂದಿನದು ನನಗೆ ನೆನಪಿಲ್ಲ.

ನಿಜವಾಗಿ. ಅದರ ನಂತರದ ಚಿತ್ರದಲ್ಲಿ ಬಟ್ಟಲು ಕೌಂಟರಿನ ನಡುವೆ ಕೂತಿದೆ, ಒಂದು ಹನಿಯೂ ಚೆಲ್ಲಿಲ್ಲ. ನನ್ನ ಅಂಗೈ ತಣ್ಣಗಾಗಿದ್ದು ನೆನಪಿದೆ. ಆಲ್ಕೋಹಾಲ್ ತಾಗಿದರೆ ಹಾಗೇ ಆಗುತ್ತದೆ. ಆದರೆ ಹೊರಡುವಾಗ ಕಾರಿನಲ್ಲಿ ಸ್ಯಾನಿಟೈಜರ್ ಬೇರೆ ಹಚ್ಚಿಕೊಂಡಿದ್ದೆ. ಅದೂ ಆಲ್ಕೋಹಾಲೇ ಅಲ್ಲವೇ? ಕೈ ತಣ್ಣಗಾದದ್ದು ಅಡುಗೆಮನೆಯಲ್ಲೋ ಕಾರಿನಲ್ಲೋ?

ಅಂದು ಚಿಕ್ಕಮ್ಮ ಸೋಸಿದ್ದನ್ನು ಡ್ರಾಪರ್ ಬಾಟಲಿಗೆ ತುಂಬಿ, ನಾಲಿಗೆ ಎತ್ತಿ, ಅದರ ಕೆಳಗೆ ಒಂದೇ ಒಂದು ಹನಿ ಬಿಟ್ಟುಕೊಂಡರು. ಆಲ್ಕೋಹಾಲಿನ ಖಾರಕ್ಕೆ ಕಣ್ಣಲ್ಲಿ ನೀರು. "ನಾಲಿಗೆ ಕೆಳಗೇ ಯಾಕೆ? ನುಂಗಿದ್ರೆ ಆಗಲ್ವಾ?" ಎಂದು ಕೇಳಿದೆ. ಕೈಸನ್ನೆ ಮಾಡಿ ತಡೆದರು. ಅಲ್ಲಿಂದ ನೇರ ರಕ್ತಕ್ಕೆ ಇಳಿಯಬೇಕಂತೆ, ಅಲ್ಲಿಯವರೆಗೆ ಮಾತಾಡಬಾರದಂತೆ. ಇದನ್ನು ಹೇಳಿದವರು ಚಿಕ್ಕಪ್ಪ, ಬಾಗಿಲಲ್ಲಿ ನಿಂತು. ಹೇಳಿ ಹೆಂಡತಿಯ ಮುಖವನ್ನೇ ನೋಡುತ್ತಾ ಇದ್ದರು. "ಮದುವೆಯಾದಾಗಿಂದ ಈ ಮನೆ ಇಷ್ಟು ಸೈಲೆಂಟಾಗಿ ಇದ್ದಿದ್ದೇ ಇಲ್ಲ. ಸಿಕ್ತು ನೋಡು ಎವಿಡೆನ್ಸ್."

ಕೆಲಸ ಮಾಡಿತೇ? ಮರುದಿನ ಕೇಳಿದೆ. "ನೋವು ಹೋಗಿಲ್ಲ ಕಣೇ. ಪಕ್ಕದ ರೂಮಿಗೆ ಹೋಗಿ ಕೂತಿದೆ" ಎಂದರು. ಒಂದು ಹನಿಯ ಮಹಿಮೆಯೋ, ಎಂಎಸ್ಸಿ ಓದಿದವರ ನಂಬಿಕೆಯ ಮಹಿಮೆಯೋ, ನಾನು ಹೇಳಲಾರೆ. ನಿದ್ದೆಯಂತೂ ಬಂದಿತ್ತು.

ನಿದ್ದೆ ಬಾರದವಳು ಈಗ ನಾನು. ಆ ಬಟ್ಟಲನ್ನು ನಾನು ಹಿಡಿದಿದ್ದರೆ, ಪ್ರಮಾಣ ಮಾಡಿ ಏನು ಹೇಳಲಿ? ಹಿಡಿಯದೆ ಇದ್ದರೆ ಸಮಾಧಾನವಾಗಬೇಕು. ಆದರೆ ಆ ಬೆರಳುಗಳು ಅಷ್ಟು ನೊಂದು ಹಿಂಡಿದ್ದು ಕಣ್ಣೆದುರೇ ಚೆಲ್ಲಿಹೋಗುವಾಗ, ಕೈಗಳನ್ನು ಕಂಕುಳಲ್ಲೇ ಇಟ್ಟುಕೊಂಡು ನಿಂತವಳು ನಾನು ಎಂದಾಗುತ್ತದೆ. ಯಾವ ಉತ್ತರ ನನಗೆ ಬೇಕು? ನನಗೇ ತಿಳಿಯದು.

ಮೊನ್ನೆ ವಿಡಿಯೋ ಕಾಲ್ ಮಾಡಿ ಕೇಳಿಯೇಬಿಟ್ಟೆ. ಚಿಕ್ಕಮ್ಮ ಡ್ರಾಪರ್ ಎತ್ತಿಕೊಂಡು, ನಿಧಾನವಾಗಿ ನಾಲಿಗೆಯ ಕೆಳಗೆ ಹನಿ ಬಿಟ್ಟುಕೊಂಡು, ಬಾಯಿ ಮುಚ್ಚಿ, ತಾಳು ಎನ್ನುವಂತೆ ಬೆರಳೆತ್ತಿದರು.

ಇನ್ನೂ ತಾಳುತ್ತಿದ್ದೇನೆ: "ಚಿಕ್ಕಮ್ಮ, ಅವತ್ತು ಬಟ್ಟಲು ಹಿಡಿದದ್ದು ನಾನಾ, ನೀವಾ?"