ಸೆಲ್ವಿಯಮ್ಮನ ಮನೆ ಮುಂದೆ ಜೆಸಿಬಿ

ವಕೀಲನಾಗಿದ್ದಾಗ ಜೋಗುಪಾಳ್ಯದ ರಾಜಕಾಲುವೆ ಪಕ್ಕದ ಸೆಲ್ವಿಯಮ್ಮನ ಮನೆ ಒಡೆಯದಂತೆ ಕೋರ್ಟಿನಿಂದ ತಡೆಯಾಜ್ಞೆ ತಂದವನು ನಾನೇ. ಮುಂದೆ ಆ ಬೀದಿಯವರೇ ಓಟು ಹಾಕಿ ನನ್ನನ್ನು ಶಾಸಕನನ್ನಾಗಿ ಮಾಡಿದರು. ಈ ವರ್ಷ ತಡೆಯಾಜ್ಞೆ ತೆರವಾಯಿತು. ಮರುದಿನ ಬೆಳಿಗ್ಗೆಯೇ ಜೆಸಿಬಿ ಬಂದಿದೆ ಎಂದು ಕೇಳಿ ಓಡಿದೆ.

ಇನ್ಸ್‌ಪೆಕ್ಟರ್ ಸೆಲ್ಯೂಟ್ ಹೊಡೆದರು. “ಅಪೀಲು ಹಾಕೋವರೆಗಾದ್ರೂ ಟೈಮ್ ಕೊಡ್ರೀ,” ಅಂದೆ.

“ಮೇಲಿಂದ ಆರ್ಡರ್ ಸಾರ್. ನಿಮ್ಮ ಸರ್ಕಾರದ್ದೇ.”

ಗೋಡೆ ಬಿತ್ತು. ಪಾತ್ರೆಗಳ ಗಂಟು ಹಿಡಿದು ನಿಂತಿದ್ದ ಸೆಲ್ವಿಯಮ್ಮ ನನ್ನ ಕಡೆ ತಿರುಗಿದರು. “ಆವಾಗ ನಿಮ್ಮ ಕರಿಕೋಟು ನೋಡಿದ್ರೆ ಇವ್ರು ವಾಪಸ್ ಹೋಗ್ತಿದ್ರು ಸಾರ್. ಈಗ ನಿಮಗೆ ಸೆಲ್ಯೂಟ್ ಹೊಡ್ದು ಒಡೀತಾರೆ.”

ಆ ಜಾಗದಲ್ಲಿ ಕಾಲುವೆಗೆ ತಡೆಗೋಡೆ ಕಟ್ಟುತ್ತಾರಂತೆ. ಮುಂದಿನ ವಾರ ಗುದ್ದಲಿ ಪೂಜೆ. ಪದ್ಧತಿಯಂತೆ ಅಧ್ಯಕ್ಷತೆ ಕ್ಷೇತ್ರದ ಶಾಸಕರದು.