ಕಪಿಲೆಯ ದಡದಲ್ಲಿ ನಂಬದವನೊಬ್ಬನನ್ನು ಹುಡುಕಿ

“ದೇವರನ್ನು ನಂಬದವರೆಲ್ಲ ಚೀನಾ, ಜಪಾನು, ಯುರೋಪಿನ ಕಡೆ ಇದ್ದಾರೆ. ನಮ್ಮ ಕಪಿಲೆಯ ದಡದಲ್ಲಿ ಅಂಥವನು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ.”

ನಂಜನಗೂಡಿನ ಗ್ರಂಥಾಲಯದ ಬೆಂಚಿನ ಮೇಲೆ ಈ ಮಾತು ವರ್ಷಕ್ಕೆ ಹತ್ತು ಸಲವಾದರೂ ಕೇಳಿಬರುತ್ತದೆ. ಈಚೆಗೆ ಕೇಳಿಬಂದದ್ದು ನಿವೃತ್ತ ಹೆಡ್ ಮಾಸ್ತರು ಮಹದೇವಪ್ಪನವರ ಬಾಯಿಂದ. ಅವರ ಕೈಯಲ್ಲಿ ಒಂದು ಭೂಪಟವಿತ್ತು. ಯಾವ ದೇಶದಲ್ಲಿ ಯಾವ ಧರ್ಮದವರು ಹೆಚ್ಚು, ಎಲ್ಲಿ ಯಾವ ಧರ್ಮವೂ ಬೇಡವೆನ್ನುವವರು ಹೆಚ್ಚು ಎಂಬುದನ್ನು ಅದರಲ್ಲಿ ಬಣ್ಣಗಳಿಂದ ತೋರಿಸಿದ್ದರು. ಧರ್ಮವಿಲ್ಲದವರಿಗೆ ಬೂದುಬಣ್ಣ. ಚೀನಾದ ಮೇಲೆ ಬೂದಿಯನ್ನೇ ಸುರಿದಂತಿತ್ತು. ನಮ್ಮ ಸೀಮೆಯ ಮೇಲೆ ಸಾಸಿವೆಕಾಳಿನಷ್ಟೂ ಇರಲಿಲ್ಲ.

ನಾನು ಕಳಲೆಯವನು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಉಳಿದದ್ದನ್ನೆಲ್ಲ ಅದೇ ಬೆಂಚಿನ ಮೇಲೆ ಕುಳಿತು ಓದಿಕೊಂಡವನು. ದಿನವೂ ಸ್ನಾನ ಮಾಡಿ ವಿಭೂತಿ ಧರಿಸುವವನು. ಆದ್ದರಿಂದ ನಾಸ್ತಿಕರ ಪರವಾಗಿ ವಕಾಲತ್ತು ವಹಿಸಬೇಕಾದ ಸ್ವಂತ ಕಾರಣ ನನಗಿಲ್ಲ. ಆದರೆ ಕೇಳದೆಯೇ ಬಳಿದ ಬಣ್ಣವನ್ನು ನಾನು ಒಪ್ಪಲಾರೆ. ಜಪಾನಿನಲ್ಲಿ ತಮಗೆ ಧರ್ಮವಿಲ್ಲವೆಂದು ಹೇಳಿದವರೇ ಹೊಸವರ್ಷದ ದಿನ ಗುಡಿಯ ಮುಂದೆ ಸಾಲಾಗಿ ನಿಲ್ಲುತ್ತಾರೆಂದು ಓದಿದ್ದೇನೆ. ಯುರೋಪಿನಲ್ಲಿ ಇಗರ್ಜಿಯ ದಫ್ತರಿನಲ್ಲಿ ಹೆಸರಿದ್ದೂ ಮದುವೆಗೊಮ್ಮೆ, ಮಣ್ಣಿಗೊಮ್ಮೆ ಮಾತ್ರ ಅಲ್ಲಿಗೆ ಹೋಗುವವರು ಬೇಕಾದಷ್ಟಿದ್ದಾರಂತೆ. ಅಲ್ಲಿಯ ಲೆಕ್ಕ ಅಷ್ಟು ಜಾರುವಂಥದ್ದಾದರೆ ನಮ್ಮದು ಮಾತ್ರ ಹೇಗೆ ಗಟ್ಟಿ?

“ಹಾಗಾದರೆ ಒಬ್ಬನನ್ನು ತೋರಿಸಿ, ನೋಡೋಣ,” ಎಂದರು ಮಹದೇವಪ್ಪನವರು.

ಮರುದಿನ ಬೆಳಿಗ್ಗೆ ಕಳಲೆಯಿಂದ ಆಟೋ ಹತ್ತಿ ನಂಜನಗೂಡಿಗೆ ಬಂದೆ. ರಾತ್ರಿ ಮಳೆ ಹನಿದು ಗಾಳಿ ತಣ್ಣಗಿತ್ತು. ಬಸ್ ನಿಲ್ದಾಣದ ಬಳಿ ಇಡ್ಲಿ ತಿಂದು, ದಾರಿಗೆಂದು ಬಾಳೆಹಣ್ಣು ಕೊಂಡೆ. ರಸಬಾಳೆಯೆಂದು ಮಾರುವವನು ಆಣೆಯಿಟ್ಟು ಹೇಳಿದ. ನಂಜನಗೂಡಿನಲ್ಲಿ ಮಾರುವಷ್ಟು ರಸಬಾಳೆಯನ್ನು ನಂಜನಗೂಡು ಎಂದೂ ಬೆಳೆದಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೂ ಹಣ್ಣು ಸಿಹಿಯಾಗಿತ್ತು.

ಮೊದಲು ಹೋಗಬೇಕಾದದ್ದು ಹದಿನಾರು ಎಂಬ ಊರಿಗೆ. ಅಲ್ಲಿಯ ಬಸವಣ್ಣನೆಂಬ ರೈತ ಗುಡಿಗೆ ಕಾಲಿಟ್ಟು ವರ್ಷಗಳೇ ಆದವೆಂದೂ ಅವನು ಪಕ್ಕಾ ನಾಸ್ತಿಕನೆಂದೂ ಹಾಲಿನ ಡೇರಿಯಲ್ಲಿ ಕೇಳಿದ್ದೆ. ಬಸ್ಸಿನ ತುಂಬ ಹೆಂಗಸರು. ಎಲ್ಲರಿಗೂ ಉಚಿತ ಪ್ರಯಾಣ. ನಾನು ಹದಿನೆಂಟು ರೂಪಾಯಿ ಎಣಿಸುತ್ತಿದ್ದಾಗ ಕಂಡಕ್ಟರು, “ಯಜಮಾನ್ರೇ, ನಾಳಿಕ್ಕೆ ಸೀರೆ ಉಟ್ಕಂಡು ಬನ್ನಿ, ನಿಮ್ಗೂ ಫ್ರೀ ಬುಡ್ತೀನಿ,” ಎಂದ. ಹಿಂದಿನ ಸೀಟಿನಿಂದ ಒಬ್ಬಾಕೆ, “ಮೀಸೆ ಬೋಳಿಸ್ಬೇಕಾಯ್ತದೆ ಕಣಪ್ಪ, ಪಾಪ!” ಎಂದಳು. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ.

ಬಸವಣ್ಣ ಜಗುಲಿಯ ಮೇಲೆ ಕಾಲು ಚಾಚಿಕೊಂಡು ಕುಳಿತಿದ್ದ. ಬಂದ ಕಾರಣವನ್ನು ನೇರವಾಗಿ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ.

“ನಾಸ್ತಿಕನಾ? ಯಾವನ್ ಸಾ ಯೋಳಿದ್ದು? ಮೊಣಕಾಲು ಸಾ, ಮೊಣಕಾಲು! ಮೆಟ್ಲು ಅತ್ತಕ್ಕಾಗಕಿಲ್ಲ. ದೇವ್ರು ಒಸಿ ಕೆಳಗಡೆ ಕುಂತಿದ್ರೆ ದಿನಾ ಓಯ್ತಿದ್ದೆ.”

ಹೀಗೆ ಒಂದು ಮೊಣಕಾಲು ನೋವು ಇಡೀ ಹೋಬಳಿಯಲ್ಲಿ ನಾಸ್ತಿಕವಾದವಾಗಿ ಹಬ್ಬಿತ್ತು. ಅವನ ಹೆಂಡತಿ ಕಾಫಿ ತಂದುಕೊಟ್ಟು, “ಇವ್ರು ಸೋಮಾರಿ ಕಣ್ರೀ, ನಾಸ್ತಿಕ ಅಲ್ಲ,” ಎಂದು ತಿದ್ದಿದಳು. ನಾನು ಎದ್ದು ಹೊರಡುವಾಗ ಬಸವಣ್ಣನೇ ಕರೆದು ಕೂರಿಸಿದ. ತನ್ನ ಕೊಟ್ಟಿಗೆ ಕಟ್ಟಿದ ಗಾರೆಯವನು ನರಸೀಪುರದ ಆಚೆಯ ಮೇಗಲ ಕೊಪ್ಪಲಿನವನು, ಹೆಸರು ಚಿಕ್ಕಣ್ಣ. ಪಾಯಕ್ಕೆ ಗುದ್ದಲಿ ಪೂಜೆ ಇಟ್ಟುಕೊಂಡಾಗ ಆ ಮನುಷ್ಯ, “ನಿಮ್ ಪೂಜೆ ಮುಗಿಸ್ಕಂಡು ಕರೀರಿ, ಬೇವಿನ ಮರದ ತಾವ ಕುಂತಿರ್ತೀನಿ,” ಎಂದು ಹೋದನಂತೆ. “ಕ್ವಾಪ ಇಲ್ಲ, ಜಗಳ ಇಲ್ಲ. ಅಂಗೇ ಓಗಿ ಕುಂತ್ಕಂಡ. ಕೊಟ್ಟಿಗೆ ನೋಡಿ, ಒಂದು ಬಿರುಕು ಬಿಟ್ಟಿದ್ರೆ ಕೇಳಿ.” ಗೋಡೆಯನ್ನು ಸುತ್ತಿ ನೋಡಿದೆ. ಬಿರುಕಿರಲಿಲ್ಲ.

ಹದಿನಾರಿನಿಂದ ಮತ್ತೊಂದು ಬಸ್ಸಿನಲ್ಲಿ ನರಸೀಪುರ ತಲುಪುವಾಗ ಬಿಸಿಲೇರಿತ್ತು. ದಾರಿಯುದ್ದಕ್ಕೂ ಭತ್ತದ ಗದ್ದೆ, ಕಬ್ಬು, ನಾಲೆಯ ಏರಿಯ ಮೇಲೆ ಬಟ್ಟೆ ಒಗೆಯುವವರು. ಮೆಸ್ಸೊಂದರಲ್ಲಿ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆಯ ಊಟ ಮಾಡಿ ಸಂಗಮದ ಕಡೆ ನಡೆದೆ. ಕಾವೇರಿಗೆ ಕಪಿಲೆ ಕೂಡುವ ಜಾಗದಲ್ಲಿ ಮೂರನೆಯದೊಂದು ಗುಪ್ತವಾಗಿ ಸೇರುತ್ತದೆಂದು ಹೇಳುತ್ತಾರೆ. ನನಗೆ ಕಂಡದ್ದು ಎರಡು ನದಿ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ತೂಕ ಹೆಚ್ಚೆಂಬ ಮಾತೂ ಉಂಟು. ತಕ್ಕಡಿ ಹಿಡಿದವರು ಯಾರೆಂದು ಕೇಳಬೇಕೆನಿಸಿತು. ಆದರೆ ಮಂಡಿಯುದ್ದ ನೀರಿಗಿಳಿದು ನಿಂತಾಗ, ಎರಡು ಬಣ್ಣದ ನೀರು ಒಂದರ ಪಕ್ಕ ಒಂದು ಹರಿದು ನಿಧಾನವಾಗಿ ಒಂದಾಗುವುದನ್ನು ಕಂಡಾಗ, ತೂಕದ ಮಾತು ಹೇಳಿದವನ ಮೇಲೆ ನನಗೆ ಮುನಿಸು ಉಳಿಯಲಿಲ್ಲ. ಮುಳುಗು ಹಾಕಿ, ಒದ್ದೆ ಪಂಚೆಯನ್ನು ಹಿಂಡಿಕೊಂಡು ಆಟೋ ಹಿಡಿದೆ. ತಲಕಾಡಿನ ರಸ್ತೆಯಲ್ಲಿ ನಾಲೆಯ ಸೇತುವೆಯವರೆಗೆ ಇಪ್ಪತ್ತು ರೂಪಾಯಿ. ಅಲ್ಲಿಂದ ಕೊಪ್ಪಲಿಗೆ ಕಾಲ್ನಡಿಗೆ.

ಚಿಕ್ಕಣ್ಣನ ಮನೆ ಮೊದಲ ಬೀದಿಯಲ್ಲೇ ಸಿಕ್ಕಿತು. ವಯಸ್ಸು ನನ್ನದೇ ಇರಬಹುದು, ಎಪ್ಪತ್ತರ ಮೇಲೆ. ಹೆಂಡತಿ ತೀರಿಕೊಂಡಿದ್ದಾಳೆ, ಮಗಳನ್ನು ಬನ್ನೂರಿಗೆ ಕೊಟ್ಟಿದೆ, ಅವಳು ಆಗಾಗ ಬಂದು ಅಪ್ಪನೊಡನೆ ಜಗಳವಾಡಿ, ವಾರಕ್ಕಾಗುವಷ್ಟು ಸಾರಿನ ಪುಡಿ ಮಾಡಿಟ್ಟು ಹೋಗುತ್ತಾಳೆ. ಮನೆಯ ಗೋಡೆಯ ಮೇಲೆ ದೇವರ ಪಟವಿಲ್ಲ. ಮೊಳೆಗೆ ರಸಮಟ್ಟ, ಕರಣೆ, ನೂಲಿನುಂಡೆ ತೂಗುಹಾಕಿತ್ತು. ನನ್ನ ಹಣೆಯ ವಿಭೂತಿಯನ್ನು ಒಮ್ಮೆ ನೋಡಿ, “ನನ್ನ ತಿದ್ದಕ್ಕೆ ಬಂದಿದ್ರೆ ಒತ್ತಾಯ್ತು ಸಾ. ನೀರು ಕುಡೀರಿ, ಕುಂತ್ಕಳಿ,” ಎಂದ.

ತಿದ್ದಲು ಬಂದಿಲ್ಲ, ಕೇಳಲು ಬಂದಿದ್ದೇನೆ ಎಂದೆ. ದೇವರಿಲ್ಲವೆಂದು ಯಾವಾಗಿನಿಂದ?

“ಇಲ್ಲ ಅಂತ ನಾನೇನ್ ಕಂಡ್ ಬಂದಿಲ್ಲ ಸಾ. ನಂಗೆ ಬೇಕಾಗ್ಲಿಲ್ಲ, ಅಷ್ಟೇಯ. ನನ್ನೆಡ್ತೀಗೂ ಬೇಕಾಗ್ಲಿಲ್ಲ. ಬೇಕಾದೋರ ಗುಡಿಗೆ ಗಾರೆ ಕೆಲ್ಸ ಮಾಡ್ಕೊಟ್ಟಿವ್ನಿ. ಈ ಊರ ಮಾರಿಗುಡಿ ಮೆಟ್ಲು ನಂದೇ. ಗ್ವಾಡೆಗೆ ರಸಮಟ್ಟ ಸರಿಯಾಗಿದ್ರೆ ಸಾಕು.”

ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ. ಆದರೆ ಅವನ ಮುಖ ಅರಳಲಿಲ್ಲ. ಮುಂದಿನ ಮಂಗಳವಾರ ಮಾರಿಹಬ್ಬ ಬರುತ್ತದೆ, ಅದೇ ತನ್ನ ಸಂಕಟ ಎಂದ. ಆ ಊರಿನ ಪದ್ಧತಿಯನ್ನು ಅವನು ವಿವರಿಸಿದ್ದು ಹೀಗೆ. ಹಬ್ಬದ ಸಂಜೆ ಪ್ರತಿ ಮನೆಯಿಂದಲೂ ಹೆಂಗಸೊಬ್ಬಳು ಅಕ್ಕಿಹಿಟ್ಟು ಬೆಲ್ಲ ಕಲಸಿ ಮಾಡಿದ ತಂಬಿಟ್ಟಿನ ಉಂಡೆಯಲ್ಲಿ ದೀಪ ಹಚ್ಚಿ, ತಟ್ಟೆಯಲ್ಲಿಟ್ಟು ಹೊತ್ತು ಬರಬೇಕು. ಊರ ಯಜಮಾನ ಒಂದೊಂದೇ ಮನೆಯ ಹೆಸರು ಕೂಗುತ್ತಾನೆ. ಎಲ್ಲ ಮನೆಯ ಆರತಿಯೂ ಸಾಲಿಗೆ ಬಂದು ನಿಲ್ಲುವವರೆಗೆ ಮೆರವಣಿಗೆ ಹೆಜ್ಜೆಯೆತ್ತುವಂತಿಲ್ಲ. ಚಿಕ್ಕಣ್ಣನ ಹೆಂಡತಿ ಮದುವೆಯಾಗಿ ಬಂದ ವರ್ಷ ಆರತಿ ಹೊರುವುದಿಲ್ಲವೆಂದಳು. ಮೆರವಣಿಗೆ ನಿಂತಿತು. ಆಗ ಎದುರುಮನೆಯ ನಿಂಗಮ್ಮ ಒಳಗೆ ಹೋಗಿ ಇನ್ನೊಂದು ತಂಬಿಟ್ಟು ಮಾಡಿ ತಂದು, ತನ್ನದೊಂದು ಅವರದೊಂದು, ಎರಡನ್ನೂ ಹೊತ್ತು ನಿಂತಳು. ಅಂದಿನಿಂದ ಇಂದಿನವರೆಗೆ ಒಂದು ವರ್ಷವೂ ತಪ್ಪಿಸಿಲ್ಲ. ‘ಚಿಕ್ಕಣ್ಣನ ಮನೆ ಆರತಿ ಬಂತು’ ಎಂದು ಯಜಮಾನ ಕೂಗುತ್ತಾನೆ.

“ನಾನು ಸತ್ ಮ್ಯಾಕೆ ಏನಂತಾರೆ ಯೋಳಿ?” ಎಂದ ಚಿಕ್ಕಣ್ಣ. “ಬಾಯಲ್ಲಿ ಇಲ್ಲ ಅಂತಿದ್ದ, ಆದ್ರೆ ಒಂದ್ ವರ್ಸ ಆರತಿ ತಪ್ಪಿಸ್ನಿಲ್ಲ, ಒಳಗೊಳಗೇ ನಂಬ್ಕಂಡಿದ್ದ ಅಂತಾರೆ. ಆಗ ಎದ್ ಬಂದು ಯೋಳಕ್ಕಾಯ್ತದಾ ನಾನು? ಇಷ್ಟು ವರ್ಸ ನಾನು ಬಾಳಿದ್ದೇ ಸುಳ್ಳಾಯ್ತದಲ್ಲ ಸಾ.”

ಹಾಗಾದರೆ ಬೇಡವೆಂದು ಅವಳಿಗೆ ಹೇಳಬಾರದೇಕೆ?

“ನಿಂಗಕ್ಕಂಗಾ? ನನ್ನ ಮಗಳು ಹುಟ್ಟಿದಾಗ ಬಾಣಂತನ ಮಾಡಿದೋಳು ಅವ್ಳು. ನನ್ನೆಡ್ತಿ ಸತ್ತಾಗ ಮೂರು ತಿಂಗಳು ಅನ್ನ ಇಕ್ಕಿದೋಳು. ನೀನು ಆರತಿ ಒತ್ತದ್ದು ದಂಡ ಅಂತ ಯಾವ್ ಬಾಯಲ್ಲಿ ಅನ್ಲಿ?”

ಪರವೂರಿನವನಾದ ನನಗೆ ಆ ಮುಲಾಜಿಲ್ಲ. ಎದ್ದು ಎದುರುಮನೆಗೆ ನಡೆದೆ. ಚಿಕ್ಕಣ್ಣ, “ಬ್ಯಾಡಿ ಸಾ, ಬ್ಯಾಡಿ,” ಎನ್ನುತ್ತ ಹಿಂದೆಯೇ ಬಂದ. ನಿಂಗಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ನಮ್ಮಿಬ್ಬರಿಗಿಂತಲೂ ಹಿರಿಯಳು, ಬೆನ್ನು ಬಾಗಿದೆ, ಕಣ್ಣು ಚುರುಕಾಗಿದೆ. ಮಾತಿನ ಪೀಠಿಕೆಯಿಲ್ಲದೆ ಕೇಳಿದೆ: ತಾಯಿ, ಚಿಕ್ಕಣ್ಣನ ಹೆಸರಿನ ಆರತಿಯನ್ನು ನೀವು ಹೊರುವುದು ಅವನೂ ದೇವರನ್ನು ನಂಬುತ್ತಾನೆಂದೇ?

ಅವಳು ಮೊರ ನಿಲ್ಲಿಸಿದಳು. ನನ್ನನ್ನಲ್ಲ, ಚಿಕ್ಕಣ್ಣನನ್ನು ನೋಡಿದಳು.

“ಲೋ ಚಿಕ್ಕ, ಯಾರ್ಲಾ ಇವ್ರು? ಓದ್ದೋರ ಅಂಗೆ ಕಾಣ್ತಾರೆ, ಇಂಥದ್ನ ಕೇಳ್ತಾರಲ್ಲೋ!” ಆಮೇಲೆ ನನ್ನ ಕಡೆ ತಿರುಗಿದಳು. “ಅಲ್ಲ ಸಾಮಿ, ಅವನು ನಂಬಿದ್ರೆ ಅವನ ಮನೆಯೋರೇ ಒರ್ತಿರ್ಲಿಲ್ವಾ? ನಂಬಕಿಲ್ಲ ಅಂತಾನೇ ತಾನೆ ನಾನು ಒರೋದು? ಅವನ ಸೂರು ಅಮ್ಮನ ಕಣ್ಣಿಗೆ ಬೀಳದಂಗೆ ಓಗ್ಬಾರ್ದು ಅಂತ ನನ್ನಾಸೆ. ಅದು ನನ್ ನಂಬ್ಕೆ, ಅವಂದಲ್ಲ.”

ಊರು ತನ್ನ ಭಕ್ತಿಯ ಸಾಕ್ಷಿಯೆಂದು ಎಣಿಸೀತೆಂದು ಚಿಕ್ಕಣ್ಣ ಅಂಜಿದ್ದ ದೀಪ, ಹೊತ್ತವಳ ಲೆಕ್ಕದಲ್ಲಿ ಅವನು ನಂಬುವುದಿಲ್ಲವೆಂಬುದಕ್ಕೇ ಸಾಕ್ಷಿಯಾಗಿತ್ತು. ಲೋಕದ ಜನರನ್ನು ಧರ್ಮವಾರು ಹಂಚಿ ಬಣ್ಣ ಬಳಿಯುವ ಪಂಡಿತರಲ್ಲಿ ಒಬ್ಬರಿಗಾದರೂ ಇಂಥ ಆರತಿಯೊಂದನ್ನು ಯಾವ ಮನೆಗೆ ಬರೆಯಬೇಕೆಂಬುದು ಹೊಳೆದೀತೇ ಎಂದು ಯೋಚಿಸುತ್ತ ನಿಂತೆ.

ಚಿಕ್ಕಣ್ಣ ಅವಳ ಮುಂದೆ ಬಂದು ನಿಂತ. “ಅಂಗಂತ ಒಂದಿನಾನೂ ಯೋಳ್ನಿಲ್ವಲ್ಲಕ್ಕ ನೀನು?”

“ಯಾವನಾದ್ರೂ ಕೇಳಿದ್ನಾ? ಆರತಿ ಎಣಿಸ್ತಾರೆ. ಒತ್ತೋಳ್ನ ಕೇಳಕಿಲ್ಲ.”

ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುತ್ತಿದ್ದ ಊರ ಯಜಮಾನ ಬೀದಿಯಲ್ಲಿ ಕಂಡ. ನಮ್ಮಿಬ್ಬರಿಗೆ ಮಗನ ವಯಸ್ಸಿನವನು. ನಿಂಗಮ್ಮ ಕೂತಲ್ಲಿಂದಲೇ ಕೂಗಿದಳು: “ಲೇ ಯಜಮಾನ, ಬಾಪ್ಪ ಇಲ್ಲಿ! ಎಲ್ಲಾ ಮನೇದೂ ಬಂತು ಅಂತ ಪ್ರತಿ ವರ್ಸ ಸುಳ್ಳು ಕೂಗ್ತೀಯಲ್ಲ, ಬಾಯ್ಗೆ ಉಳ ಬೀಳಾಕಿಲ್ವಾ?”

ಅವನು ಕ್ಯಾನು ಕೆಳಗಿಟ್ಟು ವಿಷಯ ಕೇಳಿಕೊಂಡ. “ಚಿಕ್ಕಣ್ಣಯ್ಯ ನಂಬಾಕಿಲ್ಲ ಅಂತ ಊರ್ಗೇ ಗೊತ್ತಲ್ವವ್ವ. ಕೂಗ್ದೆ ಓದ್ರೆ ಮೆರವಣಿಗೆ ಒಂಡಾಕಿಲ್ವಲ್ಲ, ಅದ್ಕೆ ಕೂಗೋದು.”

“ಈ ಸಲ ನಿಂಗಮ್ಮಂದು ಎರಡು ಅಂತ ಕೂಗು. ದೀಪಾನೂ ಎಲ್ಡೇ ಇರ್ತದೆ, ಅಮ್ಮಂಗೂ ಸಾಲ್ತದೆ, ಸುಳ್ಳೂ ಇರಾಕಿಲ್ಲ,” ಎಂದಳು ನಿಂಗಮ್ಮ.

ಯಜಮಾನ ಒಂದು ಗಳಿಗೆ ತಲೆ ಕೆರೆದುಕೊಂಡ. ಹಾಗೆ ಕೂಗಿದರೆ ಒಂದು ಮನೆ ಬಿಟ್ಟೇ ಮೆರವಣಿಗೆ ಹೊರಡಬೇಕಾಗುತ್ತದೆ. ಅದು ಆ ಊರಿನಲ್ಲಿ ಇದುವರೆಗೆ ನಡೆದದ್ದಿಲ್ಲ. ಕೊನೆಗೆ ಚಿಕ್ಕಣ್ಣನನ್ನೇ ಕೇಳಿದ: “ಅಂಗೇ ಕೂಗ್ಲಾ ಅಯ್ಯ? ನಿಮ್ಗೆ ಬ್ಯಾಸರ ಇಲ್ವಾ?”

“ಕೂಗಪ್ಪ,” ಎಂದ ಚಿಕ್ಕಣ್ಣ. “ಒಸಿ ಜೋರಾಗೇ ಕೂಗು.”

“ಆಯ್ತು ಬುಡಿ.” ಅವನು ಕ್ಯಾನು ಎತ್ತಿಕೊಂಡು ಹೊರಟ. ಗದ್ದಲವಿಲ್ಲ, ಪಂಚಾಯಿತಿಯಿಲ್ಲ. ನಂಬದವನಿಗೆ ನೆರಳು ಕೊಟ್ಟೂ ಅವನ ಮಾತನ್ನು ಮಾತಾಗಿಯೇ ಉಳಿಸಿಕೊಟ್ಟ ಊರೊಂದರ ಕಥೆಯನ್ನು ಪುಸ್ತಕದಲ್ಲಿ ಓದಿದ್ದರೆ ನಾನು ನಂಬುತ್ತಿರಲಿಲ್ಲ. ಚಿಕ್ಕಣ್ಣ ನಿಂಗಮ್ಮನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಮೊರದಲ್ಲಿದ್ದ ಅಕ್ಕಿಯಿಂದ ಕಲ್ಲು ಆರಿಸತೊಡಗಿದ. ಅದು ತಂಬಿಟ್ಟಿನ ಅಕ್ಕಿಯೆಂದು ಅವನಿಗೂ ಗೊತ್ತಿತ್ತು. “ಕಲ್ಲು ನಾನ್ ಕಂಡಂಗೆ ನೀನ್ ಕಾಣಾಕಿಲ್ಲಕ್ಕ,” ಎಂದ.

ಕೊನೆಯ ಬಸ್ಸಿಗೆ ಹೊತ್ತಾಗಿದ್ದರಿಂದ ನಾನು ಹೊರಟೆ. ಬೀದಿಯ ತುದಿಯಲ್ಲಿ ತಿರುಗಿ ನೋಡಿದಾಗಲೂ ಅವರಿಬ್ಬರ ತಲೆಗಳು ಮೊರದ ಮೇಲೆಯೇ ಬಾಗಿದ್ದವು.

ನನ್ನ ಮಾತನ್ನು ಯಾರೂ ಸುಮ್ಮನೆ ನಂಬಬೇಕಾಗಿಲ್ಲ. ನರಸೀಪುರದಿಂದ ತಲಕಾಡಿನ ರಸ್ತೆ ಹಿಡಿದು ನಾಲೆಯ ಸೇತುವೆಯ ಬಳಿ ಇಳಿಯಿರಿ. ಎಡಗಡೆಯ ಏರಿಯ ಮೇಲೆ ನಡೆದರೆ ಮೇಗಲ ಕೊಪ್ಪಲು. ಮೊದಲ ಬೀದಿ, ಬಲಗಡೆ, ಹಸಿರು ಬಾಗಿಲಿನದು ನಿಂಗಮ್ಮನ ಮನೆ. ಅವಳ ಕಿವಿ ಇನ್ನೂ ಚುರುಕಾಗಿದೆ, ನೆನಪೂ ಹಾಗೆಯೇ. ಕೇಳಿ, ಹೇಳುತ್ತಾಳೆ.